ಬಲಿಪೀಠದ ಮೇಲಣ ಶರೀರ: ಬೊಲೊನ್ಯಾ, 1582

ಕ್ರಿ.ಶ. 1582ರಲ್ಲಿ ಇಟಲಿಯ ಬೊಲೊನ್ಯಾ ನಗರದ ಧರ್ಮಾಧ್ಯಕ್ಷರಾದ ಕಾರ್ಡಿನಲ್ ಗಾಬ್ರಿಯೇಲೆ ಪಾಲೆಯೊತ್ತಿ ಅವರು ಪವಿತ್ರ ಹಾಗೂ ಲೌಕಿಕ ಚಿತ್ರಗಳನ್ನು ಕುರಿತ ಗ್ರಂಥವೊಂದನ್ನು ಮುದ್ರಿಸಿದರು. ಅದೇ ಸುಮಾರಿಗೆ ಅದೇ ನಗರದಲ್ಲಿ ಮೂವರು ತರುಣ ಚಿತ್ರಕಾರರು ಒಂದು ಕಲಾಶಾಲೆಯನ್ನು ತೆರೆದರು. ಕಟುಕನ ಮಗನಾದ ಲುದೊವಿಕೊ ಕರಾಚ್ಚಿ, ದರ್ಜಿಯ ಮಕ್ಕಳಾದ ಅಗೊಸ್ತೀನೊ ಮತ್ತು ಅನ್ನೀಬಾಲೆ ಎಂಬ ಅವನ ಸೋದರಸಂಬಂಧಿಗಳು, ಇವರೇ ಆ ಮೂವರು. ಒಬ್ಬರು ಚಿತ್ರಕಾರನಿಗೆ ಎಲ್ಲೆಯನ್ನು ಗೊತ್ತುಪಡಿಸಲು ಹೊರಟರು. ಇನ್ನೊಬ್ಬರು ಬತ್ತಲೆ ನಿಂತ ಮನುಷ್ಯನನ್ನು ಕಣ್ಣೆದುರಿಗಿಟ್ಟುಕೊಂಡು ಇದ್ದಿಲಿನಿಂದ ಬರೆಯುವುದನ್ನು ಕಲಿಸಲು ಹೊರಟರು. ಇವೆರಡನ್ನೂ ಒಟ್ಟಿಗಿಟ್ಟು ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಬೇರೆ ಬೇರೆಯಾಗಿ ಓದಿದರೆ ಮೊದಲನೆಯದು ಬರಿಯ ನಿಷೇಧದಂತೆಯೂ ಎರಡನೆಯದು ಬರಿಯ ಕಸುಬಿನಂತೆಯೂ ತೋರುತ್ತದೆ.

ಇದರ ಹಿನ್ನೆಲೆ ತುಸು ಹಳೆಯದು. 1506ರ ಜನವರಿಯಲ್ಲಿ ರೋಮಿನ ಒಂದು ದ್ರಾಕ್ಷಿತೋಟದಲ್ಲಿ ಲಾವೊಕೊವಾನನ ಅಮೃತಶಿಲೆಯ ಪ್ರತಿಮೆ ಸಿಕ್ಕಿತು. ಹಾವುಗಳ ಸುತ್ತಿನಲ್ಲಿ ಹೊರಳುವ ಆ ಅನ್ಯಧರ್ಮೀಯ ಪುರೋಹಿತನನ್ನೂ ಅವನ ಮಕ್ಕಳನ್ನೂ ಪೋಪ್ ಎರಡನೆಯ ಜೂಲಿಯಸರು ಕೊಂಡು ವ್ಯಾಟಿಕನ್ನಿನ ಬೆಲ್ವೆಡೇರೆ ಅಂಗಳದಲ್ಲಿ ನಿಲ್ಲಿಸಿದರು. ಅಂದಿನಿಂದ ಕ್ರಿಸ್ತನ ಯಾತನೆಯನ್ನು ಕೆತ್ತುವವರಿಗೂ ಬರೆಯುವವರಿಗೂ ಆ ಮೈಯೇ ಪಾಠವಾಯಿತು. ನೆಲದಿಂದ ಮೇಲೆದ್ದ ಅನ್ಯದೇವತೆಗಳ ಪ್ರತಿಮೆಗಳು ರಕ್ಷಕನ ಶರೀರವನ್ನು ಚಿತ್ರಿಸಲು ಗುರುಗಳಾಗಬಹುದೆ? ಮೈಕೆಲಾಂಜೆಲೊ ಹಿಂಜರಿಯಲಿಲ್ಲ. 1521ರಲ್ಲಿ ರೋಮಿನ ಸಾಂತ ಮರಿಯ ಸೋಪ್ರ ಮಿನೆರ್ವ ದೇವಾಲಯಕ್ಕಾಗಿ ಪೂರ್ಣಗೊಂಡ ಅವನ ಪುನರುತ್ಥಿತ ಕ್ರಿಸ್ತನು ಗ್ರೀಕ್ ವೀರನಂತೆ ಸಂಪೂರ್ಣ ನಗ್ನನಾಗಿದ್ದನು. ಇಂದು ಅಲ್ಲಿ ಕಾಣುವ ಲೋಹದ ಸೊಂಟವಸ್ತ್ರ ಆಮೇಲಿನ ಕಾಲದ್ದು.

ಟ್ರೆಂಟ್ ಮಹಾಸಭೆಯ 1563ರ ಡಿಸೆಂಬರ್ ತಿಂಗಳ ಅಧಿವೇಶನವು ಪ್ರತಿಮೆಗಳ ಬಳಕೆಯನ್ನು ಸಮರ್ಥಿಸಿತು. ಜೊತೆಗೆ ಕಾಮವನ್ನು ಕೆರಳಿಸುವ ಚೆಲುವು ಅವುಗಳಲ್ಲಿ ಇರಬಾರದೆಂದೂ ವಿಧಿಸಿತು. ಇದರ ಫಲವನ್ನು 'ಅಂತಿಮ ತೀರ್ಪು' ಎಂಬ ಮೈಕೆಲಾಂಜೆಲೊನ ಭಿತ್ತಿಚಿತ್ರದ ಮೇಲೆ ಇಂದಿಗೂ ಕಾಣಬಹುದು. ಅವನು ತೀರಿಕೊಂಡ ಮೇಲೆ ಅವನ ಆಪ್ತನೇ ಆದ ದಾನಿಯೇಲೆ ದ ವೊಲ್ತೆರ್ರ ಅದರ ಬತ್ತಲೆ ಆಕೃತಿಗಳಿಗೆ ಬಟ್ಟೆ ಬರೆದು, 'ಚಡ್ಡಿ ಹೊಲಿಯುವವನು' ಎಂಬ ಅಡ್ಡಹೆಸರನ್ನು ಪಡೆದನು. ಗೆಳೆಯನ ಕೃತಿಯನ್ನು ಉಳಿಸಲೆಂದೇ ಅವನು ಈ ಕೆಲಸಕ್ಕೆ ಒಪ್ಪಿದನೆಂದು ಭಾವಿಸಲು ನಮಗೆ ಇಷ್ಟವಾಗುತ್ತದೆ. ಇತ್ತೀಚಿನ ಜೀರ್ಣೋದ್ಧಾರದಲ್ಲಿ ನಂತರದ ಶತಮಾನಗಳ ಹಲವು ಬಟ್ಟೆಗಳನ್ನು ತೆಗೆದರೂ ದಾನಿಯೇಲೆಯವನ್ನು ಇತಿಹಾಸದ ಸಾಕ್ಷಿಯೆಂದು ಹಾಗೆಯೇ ಬಿಡಲಾಯಿತು.

ಪಾಲೆಯೊತ್ತಿ ಟ್ರೆಂಟಿನಲ್ಲಿ ಇದ್ದವರು. ಆದರೆ ಅವರನ್ನು ಬರಿಯ ಬಟ್ಟೆ ಹೊದಿಸುವ ಪಂಗಡಕ್ಕೆ ಸೇರಿಸುವುದು ಅನ್ಯಾಯ. ಚಿತ್ರಕಾರನನ್ನು ಅವರು ಮೌನವಾಗಿ ಬೋಧಿಸುವ ಪ್ರಸಂಗಿಯೆಂದು ಕಂಡರು. ಅಕ್ಷರ ಬಾರದವನೂ ನೋಡಿ ಗ್ರಹಿಸಬೇಕು. ನಡೆದುದು ನಡೆದಂತೆ, ನಂಬುವಂತೆ ಇರಬೇಕು. ತನ್ನ ಕೈಚಳಕವನ್ನು ಮೆರೆಸಲು ಅಂಗಾಂಗಗಳನ್ನು ತಿರುಚಿ ಬರೆಯುವುದು ಸಲ್ಲದು. ಹೀಗೆ ಸತ್ಯವನ್ನು ಬೇಡಿದವರು, ಆ ಸತ್ಯವು ಮನುಷ್ಯನ ಮೈಯನ್ನು ನೇರವಾಗಿ ನೋಡದೆ ದೊರೆಯದೆಂಬ ಕಷ್ಟಕ್ಕೆ ಎದುರಾಗಲೇಬೇಕಾಗಿತ್ತು. ಐದು ಭಾಗಗಳೆಂದು ಯೋಜಿಸಿದ ಅವರ ಗ್ರಂಥದಲ್ಲಿ ಅಚ್ಚಾದವು ಎರಡೇ.

ಕರಾಚ್ಚಿಗಳ ಶಾಲೆಯಲ್ಲಿ ಆ ಕಷ್ಟವನ್ನು ಕೈಯಿಂದ ಬಿಡಿಸಲಾಗುತ್ತಿತ್ತು. ಇಂತಹ ಶಿಕ್ಷಣಕ್ಕೆ ಯೂರೋಪಿನಲ್ಲಿ ಕ್ರಮೇಣ ಒಂದು ಕ್ರಮ ನೆಲೆಗೊಂಡಿತು: ಮೊದಲು ಹಿರಿಯರ ಚಿತ್ರಗಳ ನಕಲು, ಬಳಿಕ ಪ್ರಾಚೀನ ಶಿಲ್ಪಗಳ ಅಚ್ಚುಗಳು, ಕೊನೆಗೆ ಜೀವಂತ ರೂಪದರ್ಶಿ. ಶಿಲೆ ಅಲುಗದು, ಉಸಿರಾಡದು, ಬೆಳಕು ಅದರ ಮೇಲೆ ನಿಂತಲ್ಲೇ ನಿಲ್ಲುತ್ತದೆ. ಆದುದರಿಂದ ಅದು ಪ್ರಮಾಣವನ್ನು ಕಲಿಸುತ್ತದೆ. ಮನುಷ್ಯನಾದರೋ ದಣಿಯುತ್ತಾನೆ. ಎತ್ತಿದ ತೋಳು ಇಳಿಯದಂತೆ ಹಗ್ಗವನ್ನೋ ಕೋಲನ್ನೋ ಹಿಡಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಮೈಭಾರವು ಒಂದು ಕಾಲಿನಿಂದ ಇನ್ನೊಂದಕ್ಕೆ ಜಾರುತ್ತದೆ, ಹೆಗಲು ಕುಸಿಯುತ್ತದೆ, ಬರೆದ ಗೆರೆ ಸುಳ್ಳಾಗುತ್ತದೆ. ಇಲ್ಲಿಯೇ ಇದ್ದಿಲಿನ ಉಪಕಾರ. ಗಾಳಿಯಾಡದ ಪಾತ್ರೆಯಲ್ಲಿ ಸುಟ್ಟ ಮರದ ಕಡ್ಡಿಯ ಗುರುತು ಹಕ್ಕಿಯ ಗರಿಗೋ ರೊಟ್ಟಿಯ ತಿರುಳಿಗೋ ಅಳಿದುಹೋಗುತ್ತದೆ. ತಪ್ಪಿದ್ದನ್ನು ಒರಸಿ, ಅದೇ ಮಸುಕಿನ ಮೇಲೆ ಮತ್ತೆ ಹುಡುಕಬಹುದು. ಬೆರಳಿನಿಂದ ತೀಡಿದರೆ ನೆರಳು ಸಿದ್ಧ. ಅಳಿಯದಂತೆ ಉಳಿಸಬೇಕಾದಾಗ ಕಡ್ಡಿಯನ್ನು ಅಗಸೆ ಎಣ್ಣೆಯಲ್ಲಿ ನೆನೆಸಿ ಬರೆಯುವ ರೂಢಿಯೂ ಆ ಕಾಲದಲ್ಲಿತ್ತು.

ಈ ಅಭ್ಯಾಸವು ಬಲಿಪೀಠವನ್ನು ಮುಟ್ಟಿದಾಗ ಜಗಳ ಎದ್ದಿತು. 1583ರಲ್ಲಿ, ಇಪ್ಪತ್ತಮೂರರ ಆಸುಪಾಸಿನ ಅನ್ನೀಬಾಲೆ, ಬೊಲೊನ್ಯಾದ ಸಂತ ನಿಕೊಲಾಸರ ದೇವಾಲಯಕ್ಕೆ ಶಿಲುಬೆಗೇರಿದ ಕ್ರಿಸ್ತನನ್ನು ಬರೆದುಕೊಟ್ಟನು. ಕೆಳಗೆ ನಗರದ ಪಾಲಕ ಸಂತ ಪೆತ್ರೋನಿಯಸ್, ಅಸ್ಸೀಸಿಯ ಫ್ರಾನ್ಸಿಸ್ ಮೊದಲಾದವರು. ಮೇಲೆ ಭಾರವಾದ, ಕಂಡು ಬರೆದ ಒಬ್ಬ ಮನುಷ್ಯನ ಮೈ. ಕಲಾಶಾಲೆಯ ನಗ್ನಾಭ್ಯಾಸಕ್ಕೆ ಇದು ತಕ್ಕುದು, ಬಲಿಪೀಠಕ್ಕಲ್ಲ ಎಂದು ಹಿರಿಯ ಚಿತ್ರಕಾರರು ದೂರಿದ ಸಂಗತಿ 1678ರಲ್ಲಿ ಬೊಲೊನ್ಯಾದ ಕಲಾವಿದರ ಚರಿತ್ರೆಯನ್ನು ಪ್ರಕಟಿಸಿದ ಮಾಲ್ವಾಸಿಯನಿಂದ ತಿಳಿಯುತ್ತದೆ. ಗಮನಿಸಬೇಕಾದುದು, ಅವರ ಆಕ್ಷೇಪ ಅಶ್ಲೀಲವೆಂದಲ್ಲ; ತೀರ ಸಾಮಾನ್ಯನಂತಿದ್ದಾನೆ ಎಂದು. ದೇವಪುತ್ರನು ಬೀದಿಯ ಮನುಷ್ಯನಂತೆ ಕಾಣುವುದೇ ಅವರಿಗೆ ನುಂಗಲಾರದ ತುತ್ತಾಯಿತು. ಕ್ರಿಸ್ತನ ಮಾಂಸವು ತೋರಿಕೆಯದೆಂದು ವಾದಿಸಿದವರೊಡನೆ ಆದಿಸಭೆ ನಡೆಸಿದ ಹೋರಾಟವನ್ನು ಓದಿದ ನಮಗೆ ಈ ಅಳುಕು ಹೊಸದಲ್ಲ. ಅನ್ನೀಬಾಲೆ ಅದಕ್ಕೆ ಬಗ್ಗಲಿಲ್ಲ. ಅದೇ ವರ್ಷಗಳಲ್ಲಿ ಅವನು ಬರೆದ, ಇಂದು ಸ್ಟುಟ್‌ಗಾರ್ಟಿನಲ್ಲಿರುವ ಮೃತ ಕ್ರಿಸ್ತನ ಪಾದಗಳು ನೋಡುವವನತ್ತಲೇ ಚಾಚಿವೆ; ಪಕ್ಕದಲ್ಲಿ ಮೊಳೆಗಳು, ಇಕ್ಕಳ.

ಹಾಗೆಂದು ಪಾಲೆಯೊತ್ತಿಯವರ ಭಯ ಹುರುಳಿಲ್ಲದ್ದಲ್ಲ. ಅದೇ ಶಾಲೆಯ ಅಗೊಸ್ತೀನೊ, ಕೆಲವು ವರ್ಷಗಳಲ್ಲೇ, ಕಾಮಪ್ರಚೋದಕವಾದ ಮುದ್ರಣಚಿತ್ರಗಳ ಸರಣಿಯೊಂದನ್ನು ಕೊರೆದನು. ಒಂದೇ ಅಭ್ಯಾಸ, ಎರಡು ಬಗೆಯ ನೋಟ. ಸಂತ ಅಗಸ್ಟೀನರು 'ದೇವನಗರ'ದ 22ನೆಯ ಪುಸ್ತಕದಲ್ಲಿ ಶರೀರದ ಅಂಗಗಳ ಪರಸ್ಪರ ಹೊಂದಿಕೆಯನ್ನು ಕೊಂಡಾಡುತ್ತ, ಹೆಣಗಳನ್ನು ಕೊಯ್ದು ನೋಡಿದವರಿಗೂ ಆ ಒಳಗಿನ ಸಂಗತ್ಯ ಕೈಗೆ ಸಿಕ್ಕಲಿಲ್ಲವೆನ್ನುತ್ತಾರೆ. ಗಂಡಸಿನ ಗಡ್ಡದಂತಹ ಕೆಲವು ಉಪಯೋಗಕ್ಕಲ್ಲ, ಚೆಲುವಿಗೇ ಇವೆಯೆಂದೂ ಸೂಚಿಸುತ್ತಾರೆ. ಶರೀರವನ್ನು ಸಂದೇಹದಿಂದ ಕಂಡವರೆಂದು ನಾವು ಎಣಿಸುವ ಆಚಾರ್ಯರ ಮಾತುಗಳಿವು.

ಇಂತಹ ಕಲಾಶಾಲೆಗಳ ಪರಂಪರೆ ನಮ್ಮ ಕರಾವಳಿಗೂ ಬಂದಿದೆಯೆಂಬುದನ್ನು ಇಲ್ಲಿ ಹೇಳದಿರಲಾರೆವು. ಮಂಗಳೂರಿನ ಸಂತ ಅಲೋಶಿಯಸ್ ದೇವಾಲಯದ ಗೋಡೆ ಮತ್ತು ಮಾಳಿಗೆಗಳನ್ನು ಚಿತ್ರಗಳಿಂದ ತುಂಬಿದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ, ಬೆರ್ಗಮೊ ನಗರದ ಕರ್ರಾರ ಅಕಾಡೆಮಿಯಲ್ಲಿ ಕಲಿತವನು. ಅಲ್ಲಿ ಪ್ರಾರ್ಥಿಸುವವರು ಅಣಿಗೊಂಡ ಮೈಮಾಟದ ಆ ಸಂತರನ್ನು ತಲೆಯೆತ್ತಿ ನೋಡುವಾಗ, ಅವುಗಳ ಹಿಂದಿನ ವರ್ಷಗಟ್ಟಲೆಯ ರೇಖಾಭ್ಯಾಸವನ್ನು ನೆನೆಯುವುದು ವಿರಳ.

ಅದಕ್ಕಿಂತಲೂ ವಿರಳವಾಗಿ ನೆನೆಯಲ್ಪಡುವವರು ಎದುರಿಗೆ ನಿಂತವರು. ಮನೆಯವರು, ಶಿಷ್ಯರು, ಕೂಲಿಗೆ ಬಂದವರು: ಇಂದು ವಿಂಡ್ಸರ್ ಅರಮನೆಯಲ್ಲೂ ಪ್ಯಾರಿಸಿನ ಲೂವ್ರ್‌ನಲ್ಲೂ ಇರುವ ಕರಾಚ್ಚಿಗಳ ಹಾಳೆಗಳಲ್ಲಿ ಬೆನ್ನು, ತೋಳು, ತೊಡೆಗಳಿವೆ, ಹೆಸರುಗಳು ಅಪರೂಪ. ಇಂಗ್ಲೆಂಡಿನ ಚಾಟ್ಸ್‌ವರ್ತ್ ಸಂಗ್ರಹದಲ್ಲಿ, ಕೆಮ್ಮಣ್ಣಿನ ಕಡ್ಡಿಯಲ್ಲಿ ಅನ್ನೀಬಾಲೆ ಬರೆದ ಗೂನುಬೆನ್ನಿನ ಹುಡುಗನೊಬ್ಬನಿದ್ದಾನೆ. ಪ್ರಾಚೀನ ಶಿಲೆಯ ಯಾವ ಪ್ರಮಾಣಕ್ಕೂ ಒಗ್ಗದ ಮೈ ಅದು. ಆದರೂ ಹೆಗಲಿನ ಆ ಬಾಗನ್ನು ಯಾವ ಹಾಸ್ಯವೂ ಇಲ್ಲದೆ, ಬೇರೆ ಯಾವ ಬೆನ್ನಿಗೂ ಕೊಟ್ಟಷ್ಟೇ ಶ್ರದ್ಧೆಯಿಂದ ಬರೆದಿದ್ದಾನೆ. ಹಾಳೆಯ ಮೇಲೆ ಇಟಾಲಿಯನ್ನಿನಲ್ಲಿ ಒಂದು ಚಿಕ್ಕ ವಾಕ್ಯವಿದೆ: ದೇವರು ತನಗೆ ನೆರವಾಗುವನೋ ಇಲ್ಲವೋ ಅರಿಯೆ, ಎಂಬರ್ಥದ್ದು.