ಗುಂಡುಕಲ್ಲು, ಸಲಾಕೆ ಮತ್ತು ಸೊಂಟ

ಕಳೆದ ದೀಪಾವಳಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನಿಂದ ನಮ್ಮ ಮನೆಗೆ ಬಂದಿದ್ದನು. ಕುಳಿತುಕೊಳ್ಳಪ್ಪಾ ಎಂದು ಕುರ್ಚಿ ತೋರಿಸಿದರೆ, "ಬೇಡಿ ಮೇಷ್ಟ್ರೇ, ನಿಂತೇ ಇರ್ತೀನಿ" ಎಂದನು. ವಿಚಾರಿಸಿದಾಗ ತಿಳಿಯಿತು: ವ್ಯಾಯಾಮಶಾಲೆಯಲ್ಲಿ 110 ಕಿಲೋ ತೂಕದ ಸಲಾಕೆಯನ್ನು ನೆಲದಿಂದ ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿತ್ತು. ಆ ವ್ಯಾಯಾಮಕ್ಕೆ 'ಡೆಡ್‌ಲಿಫ್ಟ್' ಎಂದು ಹೆಸರು. ಕಾಫಿ ಕುಡಿಯುತ್ತಾ ಅವನು ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ. "ನಮ್ಮ ಕಡೆ ಹಿಂದಿನವರು ಗುಂಡು ಎತ್ತುತಿದ್ರಲ್ಲ ಮೇಷ್ಟ್ರೇ, ಅವರಿಗೆಲ್ಲ ಸೊಂಟ ಹಿಡೀತಿರಲಿಲ್ವೇ?"

ನಾನು ಕೂಡಲೇ ಉತ್ತರ ಹೇಳಲಿಲ್ಲ. ಅದಕ್ಕೆ ಕಾರಣವುಂಟು. ಮುಂದೆ ಹೇಳುತ್ತೇನೆ.

ಡೆಡ್‌ಲಿಫ್ಟ್ ಎಂದರೆ ನೆಲದ ಮೇಲೆ ಅಲುಗಾಡದೆ ಬಿದ್ದಿರುವ ಭಾರವನ್ನು, ಯಾವ ತೂಗಾಟದ ಸಹಾಯವೂ ಇಲ್ಲದೆ, ಎದ್ದು ನಿಲ್ಲುವವರೆಗೆ ಎತ್ತುವುದು. ತಲೆಯ ಮೇಲಕ್ಕೆ ಒಯ್ಯುವ ಅಗತ್ಯವಿಲ್ಲ. ನಮ್ಮ ಮಾತಿನಲ್ಲಿ 'ಹೆಣಭಾರ' ಎಂಬ ಪದವಿದೆಯಲ್ಲ, ಅದು ಈ ಅರ್ಥಕ್ಕೆ ಬಹಳ ಹತ್ತಿರದ್ದು. ಪಂದ್ಯವಾಗಿ ಇದಕ್ಕೆ ಹೆಚ್ಚಿನ ವಯಸ್ಸಿಲ್ಲ. ಪವರ್‌ಲಿಫ್ಟಿಂಗ್ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1972ರಲ್ಲಿ; ಅದರ ಮೂರು ಎತ್ತುಗಳಲ್ಲಿ ಕೊನೆಯದು ಇದು. ಆದರೆ ಕಸರತ್ತಾಗಿ ಇದು ಮನುಷ್ಯನಷ್ಟೇ ಹಳೆಯದು. ಗ್ರೀಸಿನ ಥೇರಾ ದ್ವೀಪದಲ್ಲಿ ಸಿಕ್ಕಿದ 480 ಕಿಲೋ ತೂಕದ ಬಂಡೆಯೊಂದರ ಮೇಲೆ, ಯೂಮಾಸ್ಟಾಸ್ ಎಂಬುವನು ತನ್ನನ್ನು ನೆಲದಿಂದ ಎತ್ತಿದನೆಂದು ಆ ಕಲ್ಲೇ ಹೇಳಿಕೊಳ್ಳುವಂತೆ ಬರೆಯಲಾಗಿದೆ. ಅದು ಕ್ರಿಸ್ತಪೂರ್ವ ಆರನೆಯ ಶತಮಾನದ್ದು. ಎಷ್ಟು ಎತ್ತರಕ್ಕೆ ಎತ್ತಿದನೆಂಬುದನ್ನು ಮಾತ್ರ ಆ ಕಲ್ಲು ಜಾಣತನದಿಂದ ಮರೆಮಾಚಿದೆ!

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಅಭ್ಯಾಸಗಳ ವಿವರವಿದೆ. ನಡಿಗೆ, ಈಜು, ಕಂಬದ ಕಸರತ್ತುಗಳ ಜೊತೆಗೆ 'ಭಾರಶ್ರಮ' ಎಂಬ ಒಂದು ವಿಭಾಗವೇ ಅಲ್ಲಿದೆ. ಒಂಬೈನೂರು ವರ್ಷಗಳ ಹಿಂದೆ ಕನ್ನಡ ನಾಡಿನ ಅರಸನೊಬ್ಬನು ಭಾರ ಎತ್ತುವುದನ್ನು ಕೇವಲ ಮೊಂಡು ಬಲದ ಪ್ರದರ್ಶನವೆಂದು ತಿಳಿಯದೆ, ಅಭ್ಯಾಸಕ್ರಮವೆಂದು ಗ್ರಂಥಕ್ಕೆ ಏರಿಸಿದ್ದನೆಂಬುದು ನನಗೆ ಮಹತ್ವದ ಸಂಗತಿಯಾಗಿ ಕಾಣುತ್ತದೆ. ಮೈಸೂರಿನ ಗರಡಿಮನೆಗಳಲ್ಲಿ ಆ ಕ್ರಮ ಉಳಿಯಿತು. ಅಲ್ಲಿ ಹುಡುಗನಿಗೆ ಮೊದಲು ದಂಡೆ, ಬಸ್ಕಿ. ಭಾರ ಕೈಗೆ ಬರುವುದು ಆಮೇಲೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ, ಚೀಲ ಎತ್ತುವ ಪಂದ್ಯಗಳು ಇಂದಿಗೂ ನಡೆಯುತ್ತವೆ.

ಸಲಾಕೆಯ ವಿದ್ಯೆಯನ್ನು ಕನ್ನಡಿಗರಿಗೆ ಶಾಸ್ತ್ರೀಯವಾಗಿ ಕಲಿಸಿದವರಲ್ಲಿ ಮೊದಲ ಹೆಸರು ಪ್ರೊಫೆಸರ್ ಕೆ.ವಿ. ಅಯ್ಯರ್ ಅವರದು. ಯೂಜಿನ್ ಸ್ಯಾಂಡೋ 1904-05ರಲ್ಲಿ ಭಾರತದಲ್ಲಿ ಪ್ರವಾಸ ಮಾಡಿ ಹೋದ ಮೇಲೆ ಎದ್ದ ಅಂಗಸಾಧನೆಯ ಅಲೆಯಲ್ಲಿ ಬೆಳೆದವರು ಅವರು. ಬೆಂಗಳೂರಿನಲ್ಲಿ ಹರ್ಕ್ಯುಲಸ್ ವ್ಯಾಯಾಮಶಾಲೆಯನ್ನು ನಡೆಸಿದರು, ಅಂಚೆಯ ಮೂಲಕವೂ ಪಾಠ ಹೇಳಿದರು, ಭಾರದ ವ್ಯಾಯಾಮಕ್ಕೆ ಹಠಯೋಗವನ್ನು ಜೋಡಿಸಿದರು. ನಿಮ್ಮಲ್ಲಿ ಅನೇಕರು 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಓದಿರುವಿರಿ. ಅವುಗಳನ್ನು ಬರೆದ ಕೈಯೇ ಸಲಾಕೆಯನ್ನೂ ಹಿಡಿದದ್ದು. ನಮ್ಮ ಕಾಲದಲ್ಲಿ ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಅವರದು ತಲೆಯ ಮೇಲಕ್ಕೆ ಒಯ್ಯುವ ಕ್ರೀಡೆ ನಿಜ. ಆದರೆ ನೆಲದಿಂದ ಮೊಣಕಾಲಿನವರೆಗಿನ ಮೊದಲ ಸೆಳೆತದಲ್ಲಿ ಬೆನ್ನಿಗೆ ಇರುವ ಕಟ್ಟುಪಾಡು ಇಲ್ಲಿಯೂ ಅದೇ.

ಈಗ ನಮ್ಮ ಗೌಡಗೆರೆ ಸೀಮೆಗೆ ಬರುತ್ತೇನೆ. ನಾನು ಹುಟ್ಟಿದ ಹಳ್ಳಿಯ ಅರಳೀಕಟ್ಟೆಯ ಪಕ್ಕದಲ್ಲಿ ಒಂದು ಗುಂಡುಕಲ್ಲು ಇತ್ತು. ಮಳೆ ನಂಬಿದ ಬೇಸಾಯದ ಊರುಗಳಲ್ಲಿ ಬೇಸಿಗೆಯೆಂದರೆ ಬಿಡುವು. ಕಡಲೆಕಾಯಿ, ರಾಗಿಯ ಕೆಲಸ ಮುಗಿದಿರುತ್ತಿತ್ತು. ಸಂಜೆಯ ಹೊತ್ತು ಹರೆಯದವರು ಅಲ್ಲಿ ಸೇರಿ ಕಲ್ಲಿನ ಮೇಲೆ ಪಂಥ ಕಟ್ಟುತ್ತಿದ್ದರು. 1962ರ ಬೇಸಿಗೆಯಲ್ಲಿ, ನನಗೆ ಹತ್ತು ವರ್ಷವಿದ್ದಾಗ, ನನ್ನ ಚಿಕ್ಕಪ್ಪನವರು ಆ ಕಲ್ಲಿಗೆ ಕೈಯಿಟ್ಟರು. ಸುತ್ತ ನಿಂತು ಕೂಗಿದ ಹುಡುಗರಲ್ಲಿ ನಾನೂ ಒಬ್ಬ. ಬಹುಶಃ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ. ಕಲ್ಲು ನೆಲ ಬಿಟ್ಟಿತು. ಮೊಣಕಾಲಿನ ಮಟ್ಟಕ್ಕೆ ಬಂದಾಗ ಅವರ ಕಾಲುಗಳು ನೆಟ್ಟಗಾಗಿಬಿಟ್ಟಿದ್ದವು, ಬೆನ್ನು ಮಾತ್ರ ಬಿಲ್ಲಿನಂತೆ ಬಾಗಿಯೇ ಇತ್ತು. ಅವರು ಕಲ್ಲನ್ನು ಕೆಳಗೆ ಬಿಟ್ಟು, ಒಂದು ಮಾತನ್ನೂ ಆಡದೆ ಮಂಡಿಯ ಮೇಲೆ ಕೈಯೂರಿ ನಿಂತರು. ನಾವು ಆಗಲೂ ಕೂಗುತ್ತಲೇ ಇದ್ದೆವು.

ಆ ವರ್ಷ ಮುಂಗಾರಿಗೆ ಅವರು ನೇಗಿಲು ಹಿಡಿಯಲಾಗಲಿಲ್ಲ. ಕೆರೆಯ ಹಿಂದಿನ ಹೊಲ ಬೀಳುಬಿತ್ತು. ಎಣ್ಣೆ ತಿಕ್ಕಿದರು, ಪಟ್ಟು ಹಾಕಿದರು, ಕಾಲಿನಿಂದ ತುಳಿಸಿದರು. ಅವರು ಬದುಕಿರುವವರೆಗೂ ಎಡಗಾಲು ಸ್ವಲ್ಪ ಎಳೆದೇ ನಡೆಯುತ್ತಿದ್ದುದನ್ನು ನಮ್ಮ ಬಂಧುಗಳೆಲ್ಲ ಬಲ್ಲರು. ಅದರ ಕಾರಣವನ್ನು ಬಲ್ಲವರು ಕಡಿಮೆ. ಆದ್ದರಿಂದ ಹಿಂದಿನವರಿಗೆ ಸೊಂಟ ಹಿಡಿಯುತ್ತಿರಲಿಲ್ಲ ಎಂಬ ಮಾತು ಸುಳ್ಳು. ಎತ್ತಿದವರ ಹೆಸರನ್ನು ಊರು ಹೇಳುತ್ತಾ ಬಂತು. ಕುಗ್ಗಿದವರು ಮನೆಯೊಳಗೆ ಮಲಗಿದರು.

ನನ್ನ ವಿದ್ಯಾರ್ಥಿಯು ಕೈಫೋನಿನಲ್ಲಿ ತಾನು ಎತ್ತಿದ ದೃಶ್ಯವನ್ನು ತೋರಿಸಿದನು. ಅದೇ ತಪ್ಪು! ಅರವತ್ತು ವರ್ಷ ಕಳೆದ ಮೇಲೆ ಅದೇ ಬಿಲ್ಲನ್ನು ಮತ್ತೆ ಕಂಡೆ. ಸಲಾಕೆ ಏಳುವ ಮೊದಲೇ ಅವನ ಪಿರ್ರೆಗಳು ಮೇಲೆದ್ದುಬಿಟ್ಟಿದ್ದವು. ಕಾಲಿನ ಬಲವೆಲ್ಲ ಹೀಗೆ ಬರಿದೇ ಖರ್ಚಾದ ಮೇಲೆ ಉಳಿದ ಕೆಲಸ ನಡುವಿನ ಪಾಲಿಗೆ ಬೀಳುತ್ತದೆ. ಇನ್ನೊಂದು, ಸಲಾಕೆ ಅವನ ಮೊಣಕಾಲಿನಿಂದ ಗೇಣುದ್ದ ಮುಂದಿತ್ತು. ನಾನು ನಿಮಗೆ ಕಲಿಸಿದ ಸನ್ನೆಗೋಲಿನ ಪಾಠವನ್ನು ನೆನಪಿಸಿಕೊಳ್ಳಿ. ಬೆನ್ನಿನ ಕೆಳಭಾಗದ ಸ್ನಾಯುಗಳು ಬೆನ್ನುಮೂಳೆಯ ಆಧಾರಬಿಂದುವಿನಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಎಳೆಯುತ್ತವೆ. 110 ಕಿಲೋ ಭಾರವು ದೇಹದಿಂದ ಕೇವಲ 10 ಸೆಂಟಿಮೀಟರ್ ಹೆಚ್ಚು ಮುಂದೆ ಸರಿದರೆ, ಆ ಸ್ನಾಯುಗಳು 220 ಕಿಲೋ ಭಾರಕ್ಕೆ ಸಮನಾದಷ್ಟು ಹೆಚ್ಚಿನ ಬಲ ಹಾಕಬೇಕು. ಪರೀಕ್ಷೆಯಲ್ಲಿ ಈ ಲೆಕ್ಕಕ್ಕೆ ಎರಡು ಅಂಕವಿರುತ್ತಿತ್ತು.

ಸರಿಯಾದ ಕ್ರಮವನ್ನು ಬಲ್ಲವರು ಹೀಗೆ ಹೇಳುತ್ತಾರೆ. ಸಲಾಕೆಯು ಪಾದದ ನಡುಭಾಗದ ಮೇಲೆ ಬರುವಂತೆ ನಿಲ್ಲಬೇಕು. ಬಗ್ಗುವುದು ಸೊಂಟದಿಂದಲ್ಲ, ತೊಡೆಯ ಕೀಲಿನಿಂದ. ಬಾಗಿಲನ್ನು ಪಿರ್ರೆಯಿಂದ ಹಿಂದಕ್ಕೆ ತಳ್ಳುವವರಂತೆ. ಮಂಡಿ ಬೇಕಾದಷ್ಟೇ ಮಡಿಯಲಿ, ಬಸ್ಕಿ ಹೊಡೆಯುವಷ್ಟು ಕುಳಿತರೆ ಸಲಾಕೆ ಮತ್ತೆ ಮುಂದಕ್ಕೆ ಹೋಗುತ್ತದೆ. ಉಸಿರನ್ನು ಹೊಟ್ಟೆಗೆ ತುಂಬಿ ಬಿಗಿಹಿಡಿದು, ಕೈಗಳನ್ನು ಹಗ್ಗದಂತೆ ನೀಳವಾಗಿಟ್ಟು, ಮೊದಲು ಸಲಾಕೆಯ ಸಡಿಲವನ್ನೆಲ್ಲ ಎಳೆದುಕೊಂಡು, ಅನಂತರ ನೆಲವನ್ನು ಕಾಲಿನಿಂದ ಒತ್ತಬೇಕು. ಹೆಗಲೂ ಪಿರ್ರೆಯೂ ಒಟ್ಟಿಗೆ ಏಳಬೇಕು. ಸಲಾಕೆ ಕಾಲನ್ನು ಸವರಿಕೊಂಡೇ ಬರಬೇಕು. ಜಗ್ಗಿ ಎಳೆಯುವುದು, ಕೈ ಮಡಿಸುವುದು, ಕತ್ತೆತ್ತಿ ಸೂರು ನೋಡುವುದು ಇವೆಲ್ಲ ದೋಷಗಳು. ಎದ್ದು ನಿಂತ ಮೇಲೆ ಪೌರುಷ ತೋರಿಸಲು ಹಿಂದಕ್ಕೆ ಬಾಗುವುದೂ ದೋಷವೇ. ನೆಟ್ಟಗೆ ನಿಂತರೆ ಸಾಕು. ಕೆಳಗಿಳಿಸುವಾಗಲೂ ಇದೇ ದಾರಿ. ಮೆತ್ತನೆಯ ಅಡಿಯ ಓಟದ ಬೂಟು ಹಾಕಿಕೊಂಡು ಇದನ್ನು ಮಾಡುವುದು ಕೆಸರಿನಲ್ಲಿ ನಿಂತು ಏಣಿ ಹತ್ತಿದಂತೆ.

ಬೆನ್ನು ಎಳ್ಳಷ್ಟೂ ಬಾಗಬಾರದೆಂಬ ಮಾತು ಪೂರ್ತಿ ನಿಜವಲ್ಲವೆಂಬುದನ್ನೂ ಹೇಳಬೇಕು. ಅಳೆದು ನೋಡಿದಾಗ ನೆಟ್ಟಗೆ ಕಾಣುವ ಬೆನ್ನೂ ಸ್ವಲ್ಪ ಬಾಗಿರುತ್ತದೆ. ಅಪಾಯ ಹೆಚ್ಚುವುದು ಸಿದ್ಧತೆಯಿಲ್ಲದ ಬೆನ್ನಿಗೆ, ಭಾರದ ನಡುವೆ ಒಮ್ಮೆಲೇ ಬಾಗಿದಾಗ. ಗುಂಡು ಎತ್ತುವವನಿಗಂತೂ ಬಾಗದೆ ವಿಧಿಯಿಲ್ಲ, ಏಕೆಂದರೆ ಕಲ್ಲಿಗೆ ಹಿಡಿಯಿಲ್ಲ. ಪಳಗಿದವರು ಸಣ್ಣ ಕಲ್ಲಿನಿಂದ ವರ್ಷಗಟ್ಟಲೆ ಅಭ್ಯಾಸ ಮಾಡಿ ಅದಕ್ಕೆ ಬರುತ್ತಿದ್ದರು. ಚಿಕ್ಕಪ್ಪನವರು ಅಭ್ಯಾಸವಿಲ್ಲದೆ, ಪಂಥಕ್ಕಾಗಿ, ನಮ್ಮ ಕೂಗಿಗಾಗಿ ಕೈಯಿಟ್ಟರು. ಕಡಲೆಕಾಯಿ ಮಂಡಿಯ ಹಮಾಲಿಗಳನ್ನು ನೋಡಿ: ಮೂಟೆಯನ್ನು ಇಬ್ಬರು ಎತ್ತಿ ಹಿಡಿಯುತ್ತಾರೆ, ಮೂರನೆಯವನು ಅದರ ಕೆಳಗೆ ಬೆನ್ನು ಕೊಡುತ್ತಾನೆ. ನೆಲದಿಂದ ಒಬ್ಬನೇ ಸೆಳೆಯುವ ಹುಡುಗಾಟಿಕೆ ಅವರಲ್ಲಿಲ್ಲ. ದುಡಿದು ತಿನ್ನುವ ಬೆನ್ನು ಅದು.

ಮಧ್ಯಾಹ್ನ ಊಟವಾದ ಮೇಲೆ ವಿದ್ಯಾರ್ಥಿಯು ಆ ಕಲ್ಲನ್ನು ನೋಡಲೇಬೇಕೆಂದನು. ಹೋದೆವು. ಕಾಂಕ್ರೀಟ್ ರಸ್ತೆ ಹಾಕುವಾಗ ಯಂತ್ರದಿಂದ ಅದನ್ನು ಚರಂಡಿಯ ಪಕ್ಕಕ್ಕೆ ಉರುಳಿಸಿದ್ದಾರೆ. ಅವನು ಟೇಪು ತರಿಸಿ ಸುತ್ತಳತೆ ತೆಗೆದನು: 140 ಸೆಂಟಿಮೀಟರ್. ಬೆಣಚಿನ ಸಾಂದ್ರತೆ 2.7 ಎಂದು ಹಿಡಿದು ಇಬ್ಬರೂ ಬೇರೆ ಬೇರೆ ಲೆಕ್ಕ ಹಾಕಿದೆವು. ಅವನಿಗೂ ನನಗೂ ಬಂದದ್ದು 125 ಕಿಲೋ. ಮೂರು ಪಲ್ಲ ರಾಗಿಯ ತೂಕವೆಂದು ಊರವರು ಹೇಳುತ್ತಿದ್ದುದು ಉತ್ಪ್ರೇಕ್ಷೆ. ಚಿಕ್ಕಪ್ಪನವರು ಕಾಲವಾದ ಮೇಲೂ ನಾನು ಅದನ್ನೇ ನಂಬಿದ್ದೆನು.

"ಇಷ್ಟೇನಾ ಮೇಷ್ಟ್ರೇ?" ಎಂದನು ಅವನು. ಮರುಕ್ಷಣವೇ ತನ್ನ ಸೊಂಟದ ಮೇಲೆ ಕೈಯಿಟ್ಟುಕೊಂಡು ಸುಮ್ಮನಾದನು. ವೈದ್ಯರು ಆರು ವಾರ ಭಾರ ಮುಟ್ಟಬಾರದೆಂದು ಹೇಳಿದ್ದರಂತೆ. ನಾವು ಬಸ್ಸಿನ ಹೊತ್ತಾಯಿತೆಂದು ಹಿಂದಿರುಗಿದೆವು.