ಒಬ್ಬರೇ ಹೊತ್ತ ಪತ್ರಿಕೆಗಳು

ನಿಪ್ಪಾಣಿಯಿಂದ ಹೊರಟು ಮುರಗೂಡವನ್ನು ಹಾಯ್ದು ಹೋಗುವ ರಸ್ತೆ ರಾಧಾನಗರಿಯನ್ನು ದಾಟಿ, ಫೋಂಡಾ ಘಾಟನ್ನು ಇಳಿದು, ಕಡೆಗೆ ಕೊಂಕಣದ ದೇವಗಡವನ್ನು ಮುಟ್ಟುತ್ತದೆ. ಆ ದೇವಗಡ ತಾಲೂಕಿನ ಪೋಂಭುರ್ಲೆ ಎಂಬ ಹಳ್ಳಿ ಬಾಳಶಾಸ್ತ್ರಿ ಜಾಂಭೇಕರರ ಹುಟ್ಟೂರು. 1832ರ ಜನವರಿ 6ರಂದು ಮುಂಬಯಿಯಲ್ಲಿ ‘ದರ್ಪಣ’ವನ್ನು ಹೊರಡಿಸಿ ಮರಾಠಿ ಪತ್ರಿಕಾ ವ್ಯವಸಾಯಕ್ಕೆ ಅಡಿಗಲ್ಲು ಇಟ್ಟವರು ಅವರು. ಎಂಟು ವರ್ಷ ನಡೆದ ಆ ಪತ್ರಿಕೆ 1840ರಲ್ಲಿ ನಿಂತುಹೋಯಿತು. ನಮ್ಮ ರಸ್ತೆಯ ಒಂದು ತುದಿಯಲ್ಲಿ ಮರಾಠಿಯ ಮೊದಲ ಸಂಪಾದಕರ ಊರು. ಇನ್ನೊಂದು ತುದಿ ನಿಪ್ಪಾಣಿಯಿಂದಾಚೆ ಬೆಳಗಾವಿ, ಧಾರವಾಡ, ವಿಜಯಪುರಗಳ ಕಡೆಗೆ ತೆರೆದಿದೆ. ಆ ಕಡೆಯಲ್ಲಿ ಪತ್ರಿಕೆಯೊಂದನ್ನು ಒಂಟಿಯಾಗಿ ಹೊತ್ತು ನಡೆದವರ ಕಥೆಯನ್ನು ಈ ಸಂಚಿಕೆಯ ಓದುಗರ ಮುಂದೆ ಇಡಬೇಕೆಂದು ನಮ್ಮ ಆಶೆ.

ಇದನ್ನೇ ಎತ್ತಿಕೊಳ್ಳುವುದಕ್ಕೆ ನಮಗೊಂದು ಸ್ವಂತದ ಕಾರಣವೂ ಉಂಟು. ನಾವು ಕೆಲವು ವರ್ಷಗಳಿಂದ ನಾಲ್ಕು ಪುಟಗಳ ಒಂದು ಕನ್ನಡ ಮಾಸಿಕ ಹಾಳೆಯನ್ನು ಹೊರಡಿಸುತ್ತ ಬಂದಿದ್ದೇವೆ. ‘ನಾವು’ ಎಂದು ಬರೆಯುತ್ತೇವಾದರೂ ಬರೆಯುವ ಕೈ ಒಂದೇ. ಝೆರಾಕ್ಸ್ ಮಾಡಿಸಲು ಪೇಟೆಗೆ ಹೋಗುವ ಕಾಲೂ, ಮನೆಮನೆಗೆ ಹಂಚುವ ಕೈಯೂ ಅದೇ. ಈ ಹಾಳೆ ಎರಡು ಸಲ ನಿಂತಿತು, ಎರಡು ಸಲವೂ ಮತ್ತೆ ಎದ್ದಿತು. ನಿಂತಾಗ ಯಾರೂ ಕೇಳಲಿಲ್ಲ ಎಂಬ ದುಃಖ, ಎದ್ದಾಗ ‘ಮತ್ತ ಸುರು ಆತೇನು?’ ಎಂದು ಒಬ್ಬ ಹಿರಿಯರು ಕೇಳಿದ ಸುಖ, ಎರಡನ್ನೂ ಉಂಡಿದ್ದೇವೆ. ಹಿಂದಿನವರ ಕಥೆಯನ್ನು ಓದತೊಡಗಿದ ಮೇಲೆ ನಮ್ಮ ದುಃಖ ಬಹಳ ಚಿಕ್ಕದೆಂಬುದು ತಿಳಿಯಿತು.

ಕನ್ನಡದ ಮೊದಲ ಪತ್ರಿಕೆಯ ಆಯುಷ್ಯವೇ ಎಷ್ಟು ಅಲ್ಪವಾದುದೆಂದು ನೋಡಿ. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದರು. ಪಾಕ್ಷಿಕ, ನಾಲ್ಕು ಪುಟ, ಬೆಲೆ ಒಂದು ದುಡ್ಡು. ಮರುವರ್ಷ ಅದು ‘ಕನ್ನಡ ಸಮಾಚಾರ’ ಎಂಬ ಹೊಸ ಹೆಸರಿನಲ್ಲಿ ಬಳ್ಳಾರಿಗೆ ಹೋಯಿತು. ಅಲ್ಲಿ ಕೆಲವೇ ಸಂಚಿಕೆಗಳಾದ ಮೇಲೆ ನಿಂತಿತು. ಇಂದು ಕರ್ನಾಟಕದಲ್ಲಿ ಪ್ರತಿವರ್ಷ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಎರಡು ವರ್ಷವೂ ತುಂಬದ ಪತ್ರಿಕೆಗೆ ಇಷ್ಟು ದೀರ್ಘವಾದ ನೆನಪು ದೊರೆತುದು ನಮ್ಮಂಥವರಿಗೆ ಸಮಾಧಾನ ತರುವ ಸಂಗತಿ.

ಮುಂದಿನ ತಲೆಮಾರಿನಲ್ಲಿ ಪತ್ರಿಕೆ ನಡೆಸುವುದೆಂದರೆ ಬರಹಕ್ಕಿಂತ ಹೆಚ್ಚಾಗಿ ಟಪಾಲಿನ ಕೆಲಸವಾಗಿತ್ತು. ಮೊಳೆ ಜೋಡಿಸುವವನ ಕೂಲಿ, ಕಾಗದದ ರೀಮು, ಮಸಿ, ಸುತ್ತುಕಾಗದ, ವಿಳಾಸ, ಅಂಚೆಚೀಟಿ, ಇವುಗಳ ಲೆಕ್ಕದಲ್ಲಿಯೇ ಸಂಪಾದಕನ ಅರ್ಧ ಆಯುಷ್ಯ ಕಳೆಯುತ್ತಿತ್ತು. ಕನ್ನಡದ ಮೊಳೆಗಳಿಗಂತೂ ಕಾಗುಣಿತ, ಒತ್ತಕ್ಷರಗಳ ಕಾಟ ಬೇರೆ. ವರ್ಷದ ಚಂದಾ ವಸೂಲಿಗೆ ಇದ್ದ ದಾರಿ ವಿ.ಪಿ.ಪಿ. ಸಂಚಿಕೆಯನ್ನು ವಿ.ಪಿ. ಮಾಡಿ ಕಳಿಸುವುದು, ಚಂದಾದಾರನು ಅಂಚೆಯವನಿಗೆ ಹಣ ಕೊಟ್ಟು ಬಿಡಿಸಿಕೊಳ್ಳುವುದು. ಬಿಡಿಸಿಕೊಳ್ಳದಿದ್ದರೆ ಪ್ರತಿ ಮರಳಿ ಬರುತ್ತಿತ್ತು, ಹೋದ ಖರ್ಚು ಸಂಪಾದಕನ ತಲೆಗೆ. ವರ್ಷವಿಡೀ ಪತ್ರಿಕೆಯನ್ನು ಓದಿ, ವಿ.ಪಿ. ಬಂದ ದಿನ ‘ಮಾಲಕರು ಊರಲ್ಲಿಲ್ಲ’ ಎಂದು ಹೇಳಿಸಿ ಕಳಿಸಿದ ಮಹನೀಯರು ಎಲ್ಲ ಕಾಲದಲ್ಲಿಯೂ ಇದ್ದರು. ಹಳೆಯ ಮಾಸಿಕಗಳ ರಕ್ಷಾಪುಟಗಳನ್ನು ತಿರುವಿದರೆ ‘ವಿ.ಪಿ. ಮರಳಿಸಬೇಡಿರಿ’ ಎಂಬ ವಿನಂತಿ ಯಾವ ಕವಿತೆಗಿಂತಲೂ ಹೆಚ್ಚು ಸಲ ಕಣ್ಣಿಗೆ ಬೀಳುತ್ತದೆ.

ಗಳಗನಾಥರು ಈ ಕಷ್ಟವನ್ನು ತಲೆಯ ಮೇಲೆ ಹೊತ್ತವರು. ಇದು ಬರಿಯ ಮಾತಲ್ಲ. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ಪೂರ್ಣ ಹೆಸರು, 1869ರಲ್ಲಿ ಹುಟ್ಟಿದವರು. ಶಿಕ್ಷಕ ವೃತ್ತಿಯಲ್ಲಿದ್ದವರು ಬರಹಕ್ಕಾಗಿ ಅದನ್ನು ಬಿಟ್ಟರು. ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ಗೆ ಜೀವ ತುಂಬಿದವರು ಅವರೇ, ಮುಂದೆ ಅದರಿಂದ ಹೊರಬಂದು ‘ಸದ್ಗುರು’ ಎಂಬ ಮತ್ತೊಂದು ಪತ್ರಿಕೆಯನ್ನು ನಡೆಸಿದರು. ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರಿಂದೂರಿಗೆ ನಡೆದು ಮಾರಿದರೆಂಬುದು ಉತ್ತರ ಕರ್ನಾಟಕದ ಮನೆಮಾತು. ಗಡಿಯವರಾದ ನಾವು ಗಮನಿಸಬೇಕಾದ ಒಂದು ಅಂಶವಿದೆ. ಪುಣೆಯ ಹರಿ ನಾರಾಯಣ ಆಪಟೆಯವರು 1890ರಲ್ಲಿ ‘ಕರಮಣೂಕ’ ಎಂಬ ವಾರಪತ್ರಿಕೆಯನ್ನು ಆರಂಭಿಸಿ ತಮ್ಮ ಕಾದಂಬರಿಗಳನ್ನು ಕಂತುಕಂತಾಗಿ ಬರೆದರು. ಅವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದವರಲ್ಲಿ ಗಳಗನಾಥರು ಮೊದಲಿಗರು. ಮರಾಠಿಯನ್ನು ಓದಿ ಕನ್ನಡದಲ್ಲಿ ಬರೆಯುವ ಈ ಕೆಲಸ ನಮ್ಮ ಭಾಗದವರಿಗೆ ಹುಟ್ಟಿನಿಂದಲೇ ಬಂದುದು. ಆದರೂ ನಮ್ಮಲ್ಲಿ ಅದನ್ನು ಮಾಡುವವರು ಬೆರಳೆಣಿಕೆಯಷ್ಟು ಮಂದಿ ಎಂಬುದನ್ನು ಒಪ್ಪಿಕೊಳ್ಳಬೇಕು. ಗಳಗನಾಥರು 1942ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅವರನ್ನು ಬಡತನ ಬಿಡಲಿಲ್ಲ.

ಸರಕಾರದ ಕಣ್ಣು ಬಿದ್ದು ನಿಂತ ಪತ್ರಿಕೆಗಳ ಸಂಗತಿ ಬೇರೆಯೇ ಒಂದು ಅಧ್ಯಾಯ. ಮೈಸೂರಿನಲ್ಲಿ 1908ರ ಪತ್ರಿಕಾ ಕಾಯದೆ ಬಂದಾಗ ‘ತಾತಯ್ಯ’ನೆಂದು ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ತಾವೇ ನಿಲ್ಲಿಸಿದರು ಎಂಬಷ್ಟನ್ನು ಹೇಳಿ ಮುಂದೆ ಹೋಗುತ್ತೇವೆ.

ನಮ್ಮ ತಾಲೂಕಿಗೆ ಇನ್ನೂ ಹತ್ತಿರದ ಒಂದು ಉದಾಹರಣೆಯನ್ನು ಬಿಡಲಾಗದು, ಅದು ಮರಾಠಿಯದಾದರೂ ಸರಿ. 1920ರ ಜನವರಿ 31ರಂದು ಡಾ. ಬಾಬಾಸಾಹೇಬ ಅಂಬೇಡ್ಕರರು ‘ಮೂಕನಾಯಕ’ ಪಾಕ್ಷಿಕವನ್ನು ಆರಂಭಿಸಿದರು. ಕೊಲ್ಹಾಪುರದ ಶಾಹೂ ಮಹಾರಾಜರು ಅದಕ್ಕೆ 2,500 ರೂಪಾಯಿಗಳ ನೆರವು ಕೊಟ್ಟರು. ಅದೇ ವರ್ಷದ ಮಾರ್ಚಿಯಲ್ಲಿ ಕಾಗಲ ಜಹಗೀರಿಗೆ ಸೇರಿದ್ದ ಮಾಣಗಾಂವದ ಪರಿಷತ್ತಿನಲ್ಲಿ ಮಹಾರಾಜರೂ ಬಾಬಾಸಾಹೇಬರೂ ಒಂದೇ ವೇದಿಕೆಯ ಮೇಲಿದ್ದರು. ಪತ್ರಿಕೆಯ ಜಾಹೀರಾತನ್ನು ಹಣ ಕೊಡುತ್ತೇವೆಂದರೂ ಪುಣೆಯ ಹೆಸರಾಂತ ಪತ್ರಿಕೆಯೊಂದು ಅಚ್ಚು ಮಾಡಲಿಲ್ಲ. ಬೇಸಗೆ ಕಳೆಯುವಷ್ಟರಲ್ಲಿ ಬಾಬಾಸಾಹೇಬರು ವ್ಯಾಸಂಗವನ್ನು ಮುಂದುವರಿಸಲು ಲಂಡನ್ನಿಗೆ ಹೊರಟರು. ಪತ್ರಿಕೆ ಬೇರೆಯವರ ಕೈಯಲ್ಲಿ ಕುಂಟುತ್ತ ನಡೆದು 1923ರಲ್ಲಿ ನಿಂತಿತು. ಅರಸರ ನೆರವಿದ್ದರೂ, ಹೇಳುವ ಮಾತಿನಲ್ಲಿ ಕಿಚ್ಚಿದ್ದರೂ, ಆ ಒಬ್ಬ ಮನುಷ್ಯ ಕುರ್ಚಿಯಿಂದ ಎದ್ದರೆ ಪತ್ರಿಕೆ ಅನಾಥವಾಗುತ್ತದೆ. ಎದೆಗುಂದದೆ ಅವರು 1927ರಲ್ಲಿ ‘ಬಹಿಷ್ಕೃತ ಭಾರತ’ವನ್ನು ಆರಂಭಿಸಿದರು.

ಇನ್ನು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರ ಬಗ್ಗೆ ತುಸು ನಿಧಾನವಾಗಿಯೇ ಬರೆಯಬೇಕು. 1880ರ ಜುಲೈ 2ರಂದು ಧಾರವಾಡದಲ್ಲಿ ಜನನ. ಕಾಯದೆಯ ಪದವಿ ಪಡೆದು ಮೊದಲು ಬೆಳಗಾವಿಯಲ್ಲಿ, ಅನಂತರ ವಿಜಯಪುರದಲ್ಲಿ ವಕೀಲಿ. ಶಾಲೆ, ಬ್ಯಾಂಕು, ಮುಂಬಯಿ ವಿಧಾನ ಪರಿಷತ್ತು ಎಲ್ಲದರಲ್ಲಿಯೂ ಕೈಯಾಡಿಸಿದವರು ಓಲೆಗರಿಗಳ ಬೆನ್ನು ಹತ್ತಿ ಹಳ್ಳಿಹಳ್ಳಿ ತಿರುಗಿದರು. ಮನೆಗಳ ಜಗಲಿಯ ಮೇಲೆ ಪೂಜೆಗೊಂಡು, ಓದುವವರಿಲ್ಲದೆ ಹುಳುಹಿಡಿದು ಕುಳಿತಿದ್ದ ವಚನದ ಕಟ್ಟುಗಳನ್ನು ಬೇಡಿ, ಕಾಡಿ, ಪ್ರತಿಮಾಡಿ ತಂದರು. ಅಲ್ಲಿಯವರೆಗೆ ಐವತ್ತರಷ್ಟು ವಚನಕಾರರ ಹೆಸರು ತಿಳಿದಿದ್ದಲ್ಲಿ ಅವರ ದುಡಿಮೆಯಿಂದ ಇನ್ನೂರೈವತ್ತಕ್ಕೂ ಮಿಕ್ಕ ವಚನಕಾರರು ಬೆಳಕಿಗೆ ಬಂದರು.

‘ವಚನಶಾಸ್ತ್ರಸಾರ’ದ ಹಸ್ತಪ್ರತಿಯನ್ನು ಹಣದೊಡನೆ ಮಂಗಳೂರಿನ ಮುದ್ರಣಾಲಯಕ್ಕೆ ಕಳಿಸಿದರೆ ಹಣವೂ ಹಸ್ತಪ್ರತಿಯೂ ಮರಳಿ ಬಂದವು. ಕಡೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಮೊದಲ ಭಾಗ ಅಚ್ಚಾಯಿತು. ಪರರ ಮುದ್ರಣಾಲಯವನ್ನು ನೆಚ್ಚಿದರೆ ಕೆಲಸ ಸಾಗದೆಂದು ಮನೆಯನ್ನು ಮಾರಿ 1925ರಲ್ಲಿ ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಹಾಕಿದರು. ಮನೆ ಮಾರಿದ ವಕೀಲನನ್ನು ಕಂಡು ಊರವರು ಏನೆಂದಿರಬಹುದೆಂಬುದನ್ನು ನಾವು ಊಹಿಸಬಲ್ಲೆವು. ಮರುವರ್ಷ, 1926ರಲ್ಲಿ, ‘ಶಿವಾನುಭವ’ ಪತ್ರಿಕೆ ಹೊರಟಿತು; ಮೊದಲು ತ್ರೈಮಾಸಿಕ, ಆಮೇಲೆ ಮಾಸಿಕ. 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ. ಲೇಖನವನ್ನು ಬರೆಯುವುದು, ಪ್ರತಿ ತಿದ್ದುವುದು, ಕರಡು ನೋಡುವುದು, ಚಂದಾ ಕೇಳುವುದು, ಸಾಲ ತೀರಿಸುವುದು, ಎಲ್ಲವೂ ಒಬ್ಬರ ಪಾಲಿಗೆ. ವಕೀಲಿಯ ಗಳಿಕೆ ಅಚ್ಚಿನ ಮನೆಗೆ ಹೋಯಿತು. ಮೈಮೇಲಿನ ಕೋಟು ಹರಿದರೂ ಹೊಸದು ಬರಲಿಲ್ಲ.

ಇಲ್ಲೊಂದು ಮಾತು. ಹಳಕಟ್ಟಿಯವರ ತ್ಯಾಗವನ್ನು ಕೊಂಡಾಡುವ ಭಾಷಣಗಳನ್ನು ನಾವು ಬಹಳ ಕೇಳಿದ್ದೇವೆ. ಅವರ ಪತ್ರಿಕೆಯ ಚಂದಾದಾರರು ಚಂದಾವನ್ನು ಸಕಾಲಕ್ಕೆ ಕೊಟ್ಟಿದ್ದರೆ ಆ ತ್ಯಾಗದ ಅರ್ಧ ಭಾಗ ಬೇಕಾಗಿಯೇ ಇರಲಿಲ್ಲವೆಂದು ಆ ಭಾಷಣಕಾರರಲ್ಲಿ ಯಾರೂ ಹೇಳಿದ್ದನ್ನು ಕೇಳಿಲ್ಲ. ‘ಶಿವಾನುಭವ’ 1961ರವರೆಗೆ, ಮೂವತ್ತೈದು ವರ್ಷ, ನಡೆಯಿತು. ಪತ್ರಿಕೆ ಹುಟ್ಟಿದ ವರ್ಷವೇ ಅವರು ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಈ ಎರಡು ಗೌರವಗಳ ನಡುವಿನ ಮೂವತ್ತು ವರ್ಷಗಳಲ್ಲಿ ತಿಂಗಳು ತಿಂಗಳು ಕಾಗದದವನಿಗೆ ಏನು ಹೇಳಿ ಕಳಿಸಿದರೋ ಅವರೇ ಬಲ್ಲರು.

ಅದೇ ಹಾದಿಯಲ್ಲಿ ನಡೆದ ಇನ್ನಿಬ್ಬರನ್ನು ನೆನೆಯಬೇಕು. ಗೋಕಾಕ ತಾಲೂಕಿನ ಬೆಟಗೇರಿಯಿಂದ ಬಂದ ಕೃಷ್ಣಶರ್ಮರು, ನಮಗೆಲ್ಲ ‘ಆನಂದಕಂದ’ರು, 1938ರಲ್ಲಿ ‘ಜಯಂತಿ’ ಮಾಸಿಕವನ್ನು ಆರಂಭಿಸಿ ಎರಡು ದಶಕಗಳಿಗೂ ಮಿಕ್ಕಿ ನಡೆಸಿದರು. ಅದರ ಪ್ರಾರಂಭದ ವರ್ಷಗಳಿಗೇ ಎರಡನೆಯ ಮಹಾಯುದ್ಧ ಗಂಟುಬಿದ್ದಿತು. ಕಾಗದಕ್ಕೆ ಅಭಾವ, ಇದ್ದುದಕ್ಕೆ ನಿಯಂತ್ರಣ. ಬೆಂಗಳೂರಿನಲ್ಲಿ ಮಾಸ್ತಿಯವರು ದೊಡ್ಡ ಅಧಿಕಾರವನ್ನು ಬಿಟ್ಟುಬಂದವರು 1944ರಿಂದ 1965ರವರೆಗೆ ‘ಜೀವನ’ ಮಾಸಿಕದ ಸಂಪಾದಕರಾಗಿದ್ದರು. ಹೆಸರುಳ್ಳ ಸಂಪಾದಕರಿಗೂ ಮಾಸಿಕವೆಂಬುದು ಲಾಭದ ಬಾಬತ್ತಾಗಿರಲಿಲ್ಲ.

ಕೊಲ್ಹಾಪುರ ಸೀಮೆಯಲ್ಲಿ ಕನ್ನಡದ ಕೆಲಸ ನಡೆದಿಲ್ಲವೆಂದು ಯಾರೂ ತಿಳಿಯಬಾರದು. ಶಿಲಾಹಾರರ ಕನ್ನಡ ಶಾಸನಗಳ ನಾಡು ಇದು. ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಕೆ. ಜಿ. ಕುಂದಣಗಾರರು ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ 1939ರಲ್ಲಿ ಪ್ರಕಟಿಸಿದರು. 1961ರ ಗದಗ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. ಅದೇ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತಿದ್ದ ಸದಲಗಾದ ಆ. ನೇ. ಉಪಾಧ್ಯೆಯವರು 1967ರ ಶ್ರವಣಬೆಳಗೊಳ ಸಮ್ಮೇಳನದ ಅಧ್ಯಕ್ಷರು. ನಮ್ಮ ನೆರೆಯ ಆದಮಾಪುರದ ಬಾಳೂಮಾಮಾ ಅವರೂ ಹುಟ್ಟಿನಿಂದ ನಿಪ್ಪಾಣಿ ಹತ್ತಿರದ ಅಕ್ಕೋಳದವರು. ಅಮಾವಾಸ್ಯೆಯ ದಿನ ಆದಮಾಪುರದ ರಸ್ತೆಯಲ್ಲಿ ನಿಂತರೆ ಕಿವಿಗೆ ಬೀಳುವ ಕನ್ನಡಕ್ಕೆ ಲೆಕ್ಕವಿಲ್ಲ. ಗಡಹಿಂಗ್ಲಜದ ಸಂತೆಯಲ್ಲಿಯೂ ಹಾಗೆಯೇ.

ಆದರೆ ಕಿವಿಯ ಕನ್ನಡ ಬೇರೆ, ಕಣ್ಣಿನ ಕನ್ನಡ ಬೇರೆ. ಗಳಗನಾಥರಿಗೂ ಹಳಕಟ್ಟಿಯವರಿಗೂ ಹಣ ಕೊಡದ ಓದುಗರಿದ್ದರು. ನಮಗೆ ಅಕ್ಷರವನ್ನೇ ಓದಲಾರದ ಓದುಗರಿದ್ದಾರೆ. ಮನೆಯಲ್ಲಿ ಅಜ್ಜಿಯೊಡನೆ ತಡೆಯಿಲ್ಲದೆ ಕನ್ನಡ ಆಡುವ ಮಕ್ಕಳು ಕಲಿತದ್ದು ಮರಾಠಿ ಶಾಲೆಯಲ್ಲಿ. ನಮ್ಮ ಹಾಳೆ ಕೈಗೆ ಬಂದರೆ ಚಿತ್ರ ನೋಡಿ ಅಜ್ಜನ ಕಡೆಗೆ ಚಾಚುತ್ತಾರೆ. ಅಜ್ಜ ಇರುವವರೆಗೆ ಆ ಮನೆಯಲ್ಲಿ ನಮಗೊಬ್ಬ ಓದುಗ. ಹಾಳೆ ಎರಡನೆಯ ಸಲ ನಿಂತುದು ಇದೇ ಕಾರಣದಿಂದ: ಒಂದೇ ಮಳೆಗಾಲದಲ್ಲಿ ಮೂವರು ಹಿರಿಯರು ತೀರಿಕೊಂಡರು, ಮೂರೂ ಮನೆಗಳಲ್ಲಿ ‘ಇನ್ನ ಹಾಕಬ್ಯಾಡ್ರಿ, ಓದವರು ಯಾರೂ ಇಲ್ಲ’ ಎಂದು ಸೌಜನ್ಯದಿಂದಲೇ ಹೇಳಿದರು. ವಿ.ಪಿ. ಮರಳಿ ಬಂದರೆ ಕೋಪವಾದರೂ ಬರುತ್ತದೆ. ಈ ಮಾತಿಗೆ ಕೋಪವೂ ಬರಲಿಲ್ಲ.

ಆಗ ನಮ್ಮಲ್ಲಿ ಒಂದು ವಾದ ಎದ್ದಿತು. ಕನ್ನಡವನ್ನು ದೇವನಾಗರಿಯಲ್ಲಿ ಬರೆದು ಕೊಟ್ಟರೆ ಮಕ್ಕಳು ಓದುತ್ತಾರೆ, ಭಾಷೆ ಉಳಿದರೆ ಸಾಕು ಎಂದು ಕೆಲವರು. ಲಿಪಿಯನ್ನು ಬಿಟ್ಟ ಮೇಲೆ ಮಂಡಿಸಲು ಉಳಿಯುವುದೇನು ಎಂದು ಕೆಲವರು. ಮಾತು ಬಿಸಿಯಾಗಿ ಒಂದು ಸಭೆ ಚಹಾ ಕುಡಿಯದೆಯೇ ಮುಗಿಯಿತು. ಹಾಳೆಯನ್ನು ಬರೆಯುವವರು ಎರಡೂ ಪಕ್ಷಕ್ಕೆ ಉತ್ತರ ಕೊಡಲಿಲ್ಲ. ಎರಡು ತಿಂಗಳ ಮೇಲೆ ಹೊರಬಂದ ಸಂಚಿಕೆಯ ಕೊನೆಯ ಪುಟದಲ್ಲಿ ಒಂದು ಗಾದೆಯನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದು, ಪ್ರತಿ ಅಕ್ಷರದ ಕೆಳಗೆ ದೇವನಾಗರಿ ಅಕ್ಷರವನ್ನು ಇಟ್ಟಿದ್ದರು. ಹಾಗೆ ತಿಂಗಳಿಗೆ ಒಂದು ಗಾದೆ. ನಮಗೆ ಇದು ಅರೆಬರೆಯ ಉಪಾಯವೆಂದೇ ಅನ್ನಿಸಿತ್ತು, ಈಗಲೂ ಪೂರ್ತಿ ನಂಬಿಕೆ ಬಂದಿಲ್ಲ.

ಕಳೆದ ದೀಪಾವಳಿಯ ಸಂಚಿಕೆಗೆ ಮುರಗೂಡದ ಒಂದು ಮನೆಯಿಂದ ಕಾಗದ ಬಂದಿತು. ಪೆನ್ಸಿಲ್ಲಿನಲ್ಲಿ ಬರೆದ ಎರಡು ಸಾಲು, ಕನ್ನಡ ಅಕ್ಷರಗಳಲ್ಲಿ; ಒತ್ತಕ್ಷರಗಳು ಅರ್ಧಕ್ಕರ್ಧ ತಪ್ಪು. ಹಿಂದಿನ ತಿಂಗಳ ಗಾದೆಯಲ್ಲಿ ‘ಳ’ಕಾರದ ಕೆಳಗೆ ತಪ್ಪಾದ ದೇವನಾಗರಿ ಅಕ್ಷರ ಬಿದ್ದಿದೆ, ತಿದ್ದಿಕೊಳ್ಳಿರಿ ಎಂದು ಅದರಲ್ಲಿತ್ತು. ನೋಡಿದೆವು, ತಪ್ಪು ನಮ್ಮದೇ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದ್ದೇವೆ.