ಮೇಯ್ (ಜಪಾನಿ ಖಡ್ಗದ ಸಹಿ)

ಜಪಾನಿ ಖಡ್ಗದಲ್ಲಿ ಹಿಡಿಯೊಳಗೆ ಸೇರುವ ಭಾಗದ (ನಕಾಗೊ) ಮೇಲೆ ಕಮ್ಮಾರ ಉಳಿಯಿಂದ ಕೊರೆದ ಹೆಸರು. ಖ್ಯಾತನಾಮರ ಕಳ್ಳಸಹಿ, ಅಂದರೆ ಗಿಮೇಯ್, ಹೇರಳ. 17ನೇ ಶತಮಾನದ ನಾಗಸೋನೆ ಕೊತೆತ್ಸುವಿನ ಹೆಸರು ಕಂಡರಂತೂ ಮೊದಲು ಅನುಮಾನಿಸುವುದೇ ಲೇಸು. ಪರೀಕ್ಷಕರು ಉಳಿಯೇಟಿನ ದಿಕ್ಕು, ಆಳ, ಅಕ್ಷರಗಳ ಅಂತರ, ಅರ ಉಜ್ಜಿದ ಗೀರುಗಳನ್ನು ಅಸಲಿ ಸಹಿಗಳ ಕಾಗದದ ಪಡಿಯಚ್ಚುಗಳೊಂದಿಗೆ (ಒಶಿಗತ) ಹೋಲಿಸುತ್ತಾರೆ. ಹಳೆಯ ತುಕ್ಕನ್ನು ಸೀಳಿಕೊಂಡು ಹೊಳೆಯುವ ಅಕ್ಷರ ಈಚೆಗೆ ಕೊರೆದದ್ದು. ಆದರೂ ಅಲಗೇ ದೊಡ್ಡ ಸಾಕ್ಷಿ: ಬಾಗು, ಉಕ್ಕಿನ ಪದರ, ಅಂಚಿನ ಹದದ ಗೆರೆ (ಹಮೊನ್) ಆ ಕಮ್ಮಾರನ ಶೈಲಿಗೆ ಒಪ್ಪದಿದ್ದರೆ ಸಹಿ ಎಷ್ಟು ಚೆಂದವಿದ್ದರೂ ವ್ಯರ್ಥ. ಸಹಿಯಿಲ್ಲದ್ದೆಲ್ಲ ಕೀಳೂ ಅಲ್ಲ. ಹೆಸರಾಂತ ಕಮ್ಮಾರ ಮಸಮುನೆಯ ಖಡ್ಗಗಳಲ್ಲಿ ಸಹಿ ಬಲು ಅಪರೂಪ. ನಕಾಗೊ ಮೊಟಕುಗೊಳಿಸಿದಾಗಲೂ ಸಹಿ ಕಳೆದುಹೋಗಬಹುದು. 1948ರಲ್ಲಿ ಸ್ಥಾಪನೆಯಾದ ಜಪಾನಿ ಕಲಾಖಡ್ಗ ಸಂರಕ್ಷಣಾ ಸಂಘ ಪರಿಶೀಲಿಸಿ ಪ್ರಮಾಣಪತ್ರ ನೀಡುತ್ತದೆ. ಖಡ್ಗವುಳ್ಳವರು ನಕಾಗೊವಿನ ತುಕ್ಕನ್ನು ಎಂದೂ ಉಜ್ಜಿ ತೆಗೆಯಬಾರದು.